ಮಾತ್ರೆಯೋ, ಸೂಜಿಯೋ, ಕೊಳವೆಯೋ?

‘ಲಿವರ್‌ನಲ್ಲಿ ಕೀವು ತುಂಬಿದೆ’ ಎಂಬ ಮಾತು ಸ್ಕ್ಯಾನಿಂಗ್ ಕೋಣೆಯಿಂದ ಹೊರಬಿದ್ದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಆಪರೇಷನ್ ಆಗಬೇಕಾ ಸಾರ್?’ ಎರಡನೆಯದು ‘ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕಾ?’ ಕೀವು ಅಂದರೆ ಕೊಯ್ದು ತೆಗೆಯಬೇಕಾದ್ದು ಎಂದೇ ನಾವೆಲ್ಲ ಚಿಕ್ಕಂದಿನಿಂದ ತಿಳಿದುಕೊಂಡು ಬಂದಿದ್ದೇವೆ. ಆದರೆ ಅಮೀಬಾದಿಂದ ಪಿತ್ತಜನಕಾಂಗದಲ್ಲಿ ಆಗುವ ಕೀವುಗಡ್ಡೆಗೆ ಈ ತಿಳಿವಳಿಕೆ ಬಹುಪಾಲು ಹೊಂದುವುದಿಲ್ಲ. ಗಡ್ಡೆ ಒಡೆಯದೆ, ಬೇರೆ ತೊಡಕಿಲ್ಲದೆ ಇದ್ದಾಗ ಹತ್ತು ರೋಗಿಗಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಬರೀ ಮಾತ್ರೆಯಲ್ಲೇ ಗುಣವಾಗುತ್ತಾರೆ. ಉಳಿದವರಲ್ಲಿ ಯಾರಿಗೆ ಸೂಜಿ, ಯಾರಿಗೆ ಕೊಳವೆ, ಯಾರಿಗೆ ಚಾಕು ಎಂಬುದನ್ನು ತಿಳಿದಿದ್ದರೆ ಅನಗತ್ಯ ಖರ್ಚೂ ಉಳಿಯುತ್ತದೆ, ಅಗತ್ಯವಿದ್ದಲ್ಲಿ ತಡವೂ ಆಗುವುದಿಲ್ಲ.

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಕೆಐಎಡಿಬಿಯ ಕೈಗಾರಿಕಾ ಪ್ರದೇಶ ಅಲ್ಲಿದೆ. ದುಡಿಯುವ ವಯಸ್ಸಿನ ಗಂಡಸರು ಊರು ಬಿಟ್ಟು ಬಂದು, ಬಾಡಿಗೆ ರೂಮಿನಲ್ಲಿ ನಾಲ್ಕಾರು ಜನ ಸೇರಿಕೊಂಡು, ಹೋಟೆಲಿನಲ್ಲೋ ತಳ್ಳುಗಾಡಿಯ ಬಳಿಯೋ ಉಂಡು, ಸಿಕ್ಕ ನೀರು ಕುಡಿದು ಶಿಫ್ಟ್ ಮುಗಿಸುವುದು ಇಂಥ ಜಾಗಗಳ ಬದುಕು. ಈ ಕಾಯಿಲೆ ಹುಡುಕಿಕೊಂಡು ಬರುವುದೂ ಅವರನ್ನೇ. ಅಮೀಬಾದ ಯಕೃತ್ತಿನ ಗಡ್ಡೆ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು. ಅದರಲ್ಲೂ 20ರಿಂದ 50ರ ನಡುವಿನವರಲ್ಲಿ ಹೆಚ್ಚು, ಕುಡಿಯುವ ಅಭ್ಯಾಸ ಇರುವವರಲ್ಲಿ ಇನ್ನೂ ಹೆಚ್ಚು. ಕರುಳಿನ ಸೋಂಕು ಮಾತ್ರ ಗಂಡು ಹೆಣ್ಣೆಂದು ನೋಡುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಆಮಶಂಕೆ ಅಷ್ಟೇ ಸುಲಭವಾಗಿ ಬರುತ್ತದೆ. ಅವರಲ್ಲಿ ಅದು ಲಿವರ್ ತನಕ ಹತ್ತುವುದು ಅಪರೂಪ.

ಕಾಯಿಲೆಯ ದಾರಿ ಹೀಗಿದೆ. ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಏಕಕೋಶ ಜೀವಿ ಮನುಷ್ಯನ ದೊಡ್ಡ ಕರುಳಿನಲ್ಲಿ ಬದುಕುತ್ತದೆ. ಅದರ ಗಟ್ಟಿ ಚಿಪ್ಪಿನ ರೂಪ, ಅಂದರೆ ಸಿಸ್ಟ್, ಮಲದ ಮೂಲಕ ಹೊರಬಂದು ನೀರನ್ನೋ ಹಸಿ ಸೊಪ್ಪನ್ನೋ ಕೈಯನ್ನೋ ಹಿಡಿದು ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಸಿಸ್ಟ್ ಹೊಕ್ಕವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಅಮೀಬಾ ಕರುಳಿನ ಗೋಡೆ ಕೊರೆದು ರಕ್ತಕ್ಕಿಳಿದು, ಪೋರ್ಟಲ್ ರಕ್ತನಾಳದ ಹರಿವಿನಲ್ಲಿ ನೇರವಾಗಿ ಲಿವರ್ ಮುಟ್ಟುತ್ತದೆ. ಅಲ್ಲಿಯ ಜೀವಕೋಶಗಳನ್ನು ಕರಗಿಸುತ್ತ ಸಾಗುತ್ತದೆ. ಕರಗಿದ ಆ ಮಾಂಸವೇ ನಾವು ಕೀವು ಎಂದು ಕರೆಯುವ, ಚಾಕೊಲೇಟ್ ಬಣ್ಣದ, ಸಾಮಾನ್ಯವಾಗಿ ವಾಸನೆಯಿಲ್ಲದ ದ್ರವ. ಮರದ ಗೆದ್ದಲು ತಿಂದು ಮುಗಿಸಿದ ಜಾಗ ಬಿಟ್ಟು ತಿನ್ನುತ್ತಿರುವ ಅಂಚಿನಲ್ಲಿ ಇರುವಂತೆ, ಅಮೀಬಾಗಳೂ ಗಡ್ಡೆಯ ಅಂಚಿನಲ್ಲಿ ಇರುತ್ತವೆ. ನಡುವಿನ ದ್ರವದಲ್ಲಿ ಹುಡುಕಿದರೆ ಅನೇಕ ಸಲ ಒಂದೂ ಸಿಗುವುದಿಲ್ಲ. ಕೀವು ಹೊರತೆಗೆದ ಮಾತ್ರಕ್ಕೆ ಕಾಯಿಲೆ ಹೋಗದಿರುವುದು ಇದೇ ಕಾರಣಕ್ಕೆ. ಔಷಧಿಯಾದರೆ ಅಂಚಿನವರೆಗೂ ತಲುಪುತ್ತದೆ.

ರೋಗಿ ಹೇಳಿಕೊಳ್ಳುವುದು ಜ್ವರ, ಬಲಪಕ್ಕೆಯ ಕೆಳಗೆ ನೋವು, ಉಸಿರೆಳೆದರೆ ಚುಚ್ಚುವುದು, ಊಟ ಸೇರದಿರುವುದು, ತೂಕ ಇಳಿಯುವುದು. ಕೆಲವರಿಗೆ ನೋವು ಬಲ ಭುಜದ ತುದಿಗೆ ಹಬ್ಬುತ್ತದೆ, ಅವರು ಭುಜಕ್ಕೆ ಮುಲಾಮು ಹಚ್ಚಿಕೊಂಡು ಓಡಾಡುತ್ತಾರೆ. ಹೆಚ್ಚಿನವರಿಗೆ ಆ ಹೊತ್ತಿಗೆ ಭೇದಿ ಇರುವುದಿಲ್ಲ, ಮಲ ಪರೀಕ್ಷೆಯಲ್ಲೂ ಅನೇಕ ಸಲ ಏನೂ ಕಾಣುವುದಿಲ್ಲ. ಹಾಗಾಗಿ ‘ಗ್ಯಾಸ್ಟ್ರಿಕ್’ ಎಂದು ಒಂದು ವಾರ, ‘ಟೈಫಾಯ್ಡ್ ಇರಬಹುದು’ ಎಂದು ಇನ್ನೊಂದು ವಾರ ಕಳೆದುಹೋಗುತ್ತದೆ. ಈ ಎರಡು ವಾರವೇ ಮಾತ್ರೆಯಲ್ಲಿ ಮುಗಿಯಬೇಕಿದ್ದ ಕಾಯಿಲೆಯನ್ನು ಕೊಳವೆಯವರೆಗೆ ಒಯ್ಯುವುದು. ಜ್ವರದ ಜೊತೆಗೆ ಬಲಪಕ್ಕೆ ಒತ್ತಿದರೆ ನೋವು ಇದ್ದವರಿಗೆ ಮೊದಲ ವಾರದಲ್ಲೇ ಹೊಟ್ಟೆಯ ಅಲ್ಟ್ರಾಸೌಂಡ್ ಆಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆಗುವ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೆ ಇಲ್ಲ.

ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತು ಅಂದ ಮಾತ್ರಕ್ಕೆ ಅದು ಅಮೀಬಾದ್ದೇ ಎಂದು ಹೇಳಲಾಗದು. ಬ್ಯಾಕ್ಟೀರಿಯಾದಿಂದಲೂ ಲಿವರ್‌ನಲ್ಲಿ ಕೀವಾಗುತ್ತದೆ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಪಿತ್ತಕೋಶದ ಕಲ್ಲಿನವರು, ಒಂದಕ್ಕಿಂತ ಹೆಚ್ಚು ಗಡ್ಡೆ ಇರುವವರು ಎಂದರೆ ವೈದ್ಯರ ಅನುಮಾನ ಆ ಕಡೆ ತಿರುಗುತ್ತದೆ. ಅಮೀಬಾದ ರಕ್ತಪರೀಕ್ಷೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಪಾಸಿಟಿವ್ ಬರುತ್ತದೆ, ಆದರೆ ನಮ್ಮಂಥ ನಾಡಿನಲ್ಲಿ ಅದು ಹಳೆಯ ಸೋಂಕಿನ ಗುರುತೂ ಆಗಿರಬಹುದು. ಆದ್ದರಿಂದ ಯಾವುದೆಂದು ಖಚಿತವಾಗುವವರೆಗೆ ಬ್ಯಾಕ್ಟೀರಿಯಾಕ್ಕೊಂದು ಆ್ಯಂಟಿಬಯಾಟಿಕ್, ಅಮೀಬಾಕ್ಕೊಂದು ಔಷಧಿ, ಎರಡನ್ನೂ ಕೊಡುವುದು ರೂಢಿ. ಇದನ್ನು ಕಂಡು ‘ಡಾಕ್ಟರಿಗೇ ಗೊತ್ತಿಲ್ಲ’ ಎಂದು ಆಸ್ಪತ್ರೆ ಬದಲಿಸುವುದು ತಪ್ಪು.

ಈಗ ಔಷಧಿಯ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕಾಯಿಲೆ ಬಂದವರ ಹೊಟ್ಟೆ ಕೊಯ್ದು ಕೀವು ತೆಗೆಯುತ್ತಿದ್ದರು. ತೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಹತ್ತಿ ಬಹಳ ಮಂದಿ ಸಾಯುತ್ತಿದ್ದರು. ಕಲ್ಕತ್ತದಲ್ಲಿದ್ದ ಲಿಯೊನಾರ್ಡ್ ರೋಜರ್ಸ್ 1912ರಲ್ಲಿ ಇಪಿಕಾಕ್ ಬೇರಿನಿಂದ ತೆಗೆದ ಎಮಿಟಿನ್ ಅನ್ನು ಇಂಜೆಕ್ಷನ್ ಆಗಿ ಕೊಡಬಹುದೆಂದು ತೋರಿಸಿದರು. ಕೊಯ್ಯುವ ಬದಲು ಸೂಜಿಯಲ್ಲಿ ಕೀವು ಎಳೆಯಬೇಕೆಂದು ವಾದಿಸಿದವರೂ ಅವರೇ. ಎಮಿಟಿನ್ ಅಮೀಬಾವನ್ನು ಕೊಲ್ಲುತ್ತಿತ್ತು, ಹೃದಯಕ್ಕೂ ಪೆಟ್ಟು ಕೊಡುತ್ತಿತ್ತು. ಚಿಕಿತ್ಸೆ ನಡೆಯುವಷ್ಟು ದಿನ ರೋಗಿ ಹಾಸಿಗೆ ಬಿಟ್ಟೇಳುವಂತಿರಲಿಲ್ಲ. 1966ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನ ವೈದ್ಯರು, ಅದಕ್ಕೆ ಕೆಲವೇ ವರ್ಷ ಮೊದಲು ಹೆಂಗಸರ ಬಿಳಿಸೆರಗಿನ ಒಂದು ಸೋಂಕಿಗೆಂದು ಬಂದಿದ್ದ ಮೆಟ್ರೊನಿಡಜೋಲ್ ಆಮಶಂಕೆಗೂ ಲಿವರ್ ಗಡ್ಡೆಗೂ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಚಿತ್ರವೇ ಬದಲಾಯಿತು. ಮೆಡಿಕಲ್ ಸ್ಟೋರ್‌ಗಳಲ್ಲಿ ಜನ ‘ಫ್ಲಾಜಿಲ್’ ಎಂದು ಕೇಳಿ ಪಡೆಯುವ ಅದೇ ಮಾತ್ರೆ.

ಸಾಮಾನ್ಯ ಪ್ರಮಾಣ 750ರಿಂದ 800 ಮಿ.ಗ್ರಾಂ., ದಿನಕ್ಕೆ ಮೂರು ಸಲ, ಏಳರಿಂದ ಹತ್ತು ದಿನ. ಇದು ವೈದ್ಯರು ಬರೆಯುವ ಲೆಕ್ಕ, ಅಂಗಡಿಯಲ್ಲಿ ತಾವೇ ಕೇಳಿ ಕೊಳ್ಳುವುದಕ್ಕಲ್ಲ. ಭೇದಿಯಾದಾಗ ನಾವು ಎರಡು ದಿನ ನುಂಗಿ ಬಿಡುವ ಪ್ರಮಾಣಕ್ಕೂ ಇದಕ್ಕೂ ಬಹಳ ಅಂತರವಿದೆ. ಬಾಯೆಲ್ಲ ಲೋಹದ ರುಚಿ, ವಾಕರಿಕೆ, ಮೂತ್ರ ಕಂದಾಗುವುದು ಇದ್ದದ್ದೇ. ಕೈಕಾಲು ಜೋಮು ಹಿಡಿದರೆ ತಕ್ಷಣ ವೈದ್ಯರಿಗೆ ಹೇಳಬೇಕು.

ಇದರ ತಮ್ಮನಂತಿರುವ ಟಿನಿಡಜೋಲ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೊಮ್ಮೆ 2 ಗ್ರಾಂ, ಮೂರರಿಂದ ಐದು ದಿನ ಸಾಕು. ವಾಕರಿಕೆಯೂ ಕಡಿಮೆ. ದಿನಕ್ಕೆ ಮೂರು ಹೊತ್ತು ಮಾತ್ರೆ ತಪ್ಪದೆ ನುಂಗುವುದು ಶಿಫ್ಟ್ ಕೆಲಸದವನಿಗೆ ಕಷ್ಟ ಎನ್ನುವುದನ್ನು ನೋಡಿದರೆ ಆಸ್ಪತ್ರೆ ಸೇರುವ ಅಗತ್ಯವಿಲ್ಲದ ರೋಗಿಗೆ ಟಿನಿಡಜೋಲ್ ಒಳ್ಳೆಯ ಆಯ್ಕೆ ಎಂದು ನನಗನ್ನಿಸುತ್ತದೆ. ಮೆಟ್ರೊನಿಡಜೋಲ್ ಪರವಾಗಿ ಇರುವುದು ಅರ್ಧ ಶತಮಾನದ ಅನುಭವ, ಮತ್ತೆ ಬಾಟಲಿಯಲ್ಲಿ ರಕ್ತನಾಳಕ್ಕೆ ಕೊಡಬಹುದಾದ ಅನುಕೂಲ.

ಆ ಬಾಟಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಡ್ರಿಪ್ಸ್ ಹಾಕಿದರೆ ಔಷಧಿ ಜೋರಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಮಾತ್ರೆ ಬರೆದು ಕಳಿಸಿದ ಡಾಕ್ಟರಿಗಿಂತ ಗ್ಲೂಕೋಸ್ ಏರಿಸಿದವರಿಗೇ ಹೆಸರು. ಮೆಟ್ರೊನಿಡಜೋಲ್ ಬಾಯಲ್ಲಿ ನುಂಗಿದರೂ ಹೆಚ್ಚೂಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತದೆ. ವಾಂತಿ ಇಲ್ಲದೆ, ಪ್ರಜ್ಞೆ ಸರಿಯಾಗಿದ್ದು, ನುಂಗಲು ಬರುವವನಿಗೆ ಬಾಟಲಿಯಿಂದ ಹೆಚ್ಚಿನ ಲಾಭವಿಲ್ಲ. ವಾಂತಿ ನಿಲ್ಲದವರಿಗೆ, ತೀರಾ ಸುಸ್ತಾದವರಿಗೆ ಅದು ಬೇಕೇ ಬೇಕು.

ಔಷಧಿ ಹಿಡಿಯಿತೆಂದು ಗೊತ್ತಾಗುವುದು ಜ್ವರ ಇಳಿದಾಗ, ನೋವು ತಗ್ಗಿದಾಗ. ಬಹುಪಾಲು ಜನರಲ್ಲಿ ಮೂರರಿಂದ ಐದು ದಿನದೊಳಗೆ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕರಗಿದ್ದು ಕಾಣಲು ಮಾತ್ರ ತಿಂಗಳುಗಟ್ಟಲೆ ಬೇಕು. ಕೆಲವರಲ್ಲಿ ಆರು, ಒಂಬತ್ತು ತಿಂಗಳಾದರೂ ಖಾಲಿ ಗೂಡು ಕಾಣುತ್ತಲೇ ಇರುತ್ತದೆ. ಜ್ವರವಿಲ್ಲ, ಹಸಿವಿದೆ, ತೂಕ ಏರುತ್ತಿದೆ, ಆದರೂ ‘ಇನ್ನೂ ನಾಲ್ಕು ಸೆಂ.ಮೀ. ಇದೆ’ ಎಂಬ ರಿಪೋರ್ಟ್ ನೋಡಿ ಹೆದರಿ, ಸಾಲ ಮಾಡಿ ಇನ್ನೊಂದು ಆಸ್ಪತ್ರೆಗೆ ದಾಖಲಾಗಬೇಕಿಲ್ಲ.

ಇನ್ನು ಸೂಜಿ. ಅಲ್ಟ್ರಾಸೌಂಡ್ ಪರದೆಯಲ್ಲಿ ಗಡ್ಡೆಯನ್ನು ನೋಡುತ್ತ, ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬುಗಳ ಸಂದಿಯಿಂದ ಉದ್ದನೆಯ ಸೂಜಿ ಇಳಿಸಿ ಕೀವು ಎಳೆಯುತ್ತಾರೆ. ಎಲ್ಲರಿಗೂ ಇದನ್ನು ಮಾಡಿದರೆ ಬೇಗ ಗುಣವಾಗುವುದಿಲ್ಲವೇ? ಈ ಪ್ರಶ್ನೆಗೆ 2009ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ ಉತ್ತರ ಹುಡುಕಿತು. ಏಳು ಪ್ರಯೋಗಗಳ 310 ರೋಗಿಗಳನ್ನು ಸೇರಿಸಿ ನೋಡಿದಾಗ, ತೊಡಕಿಲ್ಲದ ಗಡ್ಡೆಯಲ್ಲಿ ಮಾತ್ರೆಯ ಜೊತೆ ಸೂಜಿ ಸೇರಿಸಿದ್ದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಪ್ರಯೋಗಗಳು ಚಿಕ್ಕವು, ಗುಣಮಟ್ಟ ಅಷ್ಟಕ್ಕಷ್ಟೇ ಎಂದೂ ಅದೇ ವಿಮರ್ಶೆ ಹೇಳಿತು. ಹಾಗಾಗಿ ‘ಎಲ್ಲರಿಗೂ ಸೂಜಿ’ ಎನ್ನುವವರ ಬಳಿ ಗಟ್ಟಿ ಆಧಾರವಿಲ್ಲ. ‘ಯಾರಿಗೂ ಬೇಡ’ ಎನ್ನುವುದಕ್ಕೂ ಇಲ್ಲ.

ಬೇಕಾಗುವವರು ಯಾರೆಂದರೆ: ಔಷಧಿ ಶುರುವಾಗಿ ಮೂರರಿಂದ ಐದು ದಿನವಾದರೂ ಜ್ವರ ನೋವು ತಗ್ಗದವರು, ಗಡ್ಡೆ ಲಿವರ್‌ನ ಎಡಭಾಗದಲ್ಲಿ ಇರುವವರು, ಈಗಲೋ ಆಗಲೋ ಒಡೆಯುವಂತೆ ತೆಳು ಗೋಡೆಯ ದೊಡ್ಡ ಗಡ್ಡೆಯವರು, ಅಮೀಬಾವೋ ಬ್ಯಾಕ್ಟೀರಿಯಾವೋ ಎಂದು ತೀರ್ಮಾನವಾಗದವರು. ಎಡಭಾಗದ ಗಡ್ಡೆಗೆ ವೈದ್ಯರು ಹೆದರುವುದಕ್ಕೆ ಕಾರಣವಿದೆ. ಅದರ ಮೇಲೇ ಹೃದಯದ ಚೀಲ ಇದೆ, ಅದರೊಳಕ್ಕೆ ಒಡೆದರೆ ಜೀವ ಉಳಿಸುವುದು ಕಷ್ಟ.

ದೊಡ್ಡದು ಎಂದರೆ ಎಷ್ಟು ದೊಡ್ಡದು? ಐದು ಸೆಂ.ಮೀ. ದಾಟಿದರೆ ತೆಗೆಯಿರಿ ಎನ್ನುವ ವೈದ್ಯರಿದ್ದಾರೆ, ಹತ್ತರವರೆಗೆ ಕಾಯಬಹುದು ಎನ್ನುವವರೂ ಇದ್ದಾರೆ. ರಿಪೋರ್ಟ್ ಓದುವವರು ಇಲ್ಲೊಂದು ಲೆಕ್ಕ ನೆನಪಿಡಬೇಕು. ಐದು ಸೆಂ.ಮೀ. ಅಡ್ಡಳತೆಯ ಗುಂಡನೆಯ ಗಡ್ಡೆಯಲ್ಲಿ ಸುಮಾರು 65 ಮಿ.ಲೀ. ದ್ರವ ಹಿಡಿಸುತ್ತದೆ. ಹತ್ತು ಸೆಂ.ಮೀ. ಗಡ್ಡೆಯಲ್ಲಿ ಅದರ ಎರಡು ಪಟ್ಟಲ್ಲ, ಎಂಟು ಪಟ್ಟು. ಅರ್ಧ ಲೀಟರಿಗೂ ಮಿಗಿಲು. ಅಳತೆ ಒಂದೆರಡು ಸೆಂ.ಮೀ. ಏರಿತು ಅಂದರೆ ಒಳಗಿನ ದ್ರವ ಬಹಳವೇ ಏರಿರುತ್ತದೆ.

ಅರ್ಧ ಲೀಟರ್ ಕೀವನ್ನು ಸೂಜಿಯಲ್ಲಿ ಒಂದೇ ಸಲಕ್ಕೆ ಪೂರ್ತಿ ತೆಗೆಯುವುದು ಕಷ್ಟ. ಮತ್ತೆ ತುಂಬಿಕೊಳ್ಳುತ್ತದೆ, ಮತ್ತೆ ಚುಚ್ಚಬೇಕು. ಇಂಥಲ್ಲಿ ಕೊಳವೆಯೇ ಮೇಲು. ಚಂಡೀಗಢದ ಪಿಜಿಐ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿವರ್ ಗಡ್ಡೆಯ 50 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೂಜಿ, ಇನ್ನೊಂದಕ್ಕೆ ಕೊಳವೆ ಹಾಕಿದರು. ಸೂಜಿಯಲ್ಲಿ ಗೆದ್ದದ್ದು ನೂರಕ್ಕೆ 60ರಷ್ಟು, ಕೊಳವೆಯಲ್ಲಿ ನೂರಕ್ಕೆ ನೂರು. ಕೊಳವೆ ಎಂದರೆ ಹೆದರುವಂಥದ್ದೇನಲ್ಲ. ಮೂರು ನಾಲ್ಕು ಮಿ.ಮೀ. ದಪ್ಪದ, ಒಳಗೆ ತುದಿ ಸುರುಳಿಯಾಗಿ ನಿಲ್ಲುವ ಮೆತ್ತನೆಯ ಟ್ಯೂಬು. ಪೂರ್ತಿ ಅರಿವಳಿಕೆ ಬೇಡ. ಪಕ್ಕೆಯ ಚರ್ಮಕ್ಕೆ ಅದನ್ನು ಹೊಲಿದು ಕೆಳಗೊಂದು ಚೀಲ ಕಟ್ಟುತ್ತಾರೆ. ಮೊದಲ ದಿನ ಕಂದು ಕೀವು ಚೀಲ ತುಂಬುತ್ತದೆ, ದಿನದಿನಕ್ಕೆ ಇಳಿದು, 24 ಗಂಟೆಯಲ್ಲಿ ಹತ್ತು ಮಿ.ಲೀ.ಗಿಂತ ಕಡಿಮೆ ಬಂದಾಗ ಎಳೆದು ತೆಗೆಯುತ್ತಾರೆ. ಇದಕ್ಕೆ ಕೆಲವರಿಗೆ ಒಂದು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಟ್ಯೂಬಿನ ಬದಿಯಿಂದ ಸೋಂಕು ಹತ್ತುವುದು, ರಕ್ತ ಅಥವಾ ಪಿತ್ತ ಸೋರುವುದು ಇದರ ಅಪಾಯಗಳು. ರಾತ್ರಿ ಮಗ್ಗುಲು ಬದಲಿಸುವಾಗ ಟ್ಯೂಬು ಎಳೆದುಕೊಂಡೀತೆಂದು ಜೊತೆಗಿರುವವರು ಎಚ್ಚರವಾಗಿರಬೇಕು.

ಚಾಕು ಕೊನೆಯದು. ಗಡ್ಡೆ ಹೊಟ್ಟೆಯೊಳಕ್ಕೆ ಒಡೆದು ಸೋಂಕು ಹರಡಿದಾಗ, ಕೊಳವೆಯಿಂದ ಸಾಧ್ಯವಾಗದಾಗ ಮಾತ್ರ. ಇದ್ದಕ್ಕಿದ್ದಂತೆ ಹೊಟ್ಟೆ ಹಲಗೆಯಂತೆ ಬಿಗಿದು ನೋವು ತಡೆಯಲಾಗದಿದ್ದರೆ, ಉಸಿರು ಕಟ್ಟಿದರೆ, ಕೆಮ್ಮಿದಾಗ ಚಾಕೊಲೇಟ್ ಬಣ್ಣದ ಕಫ ಬಂದರೆ ಒಂದು ಗಂಟೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು. ಮೊದಲೆರಡಕ್ಕೆ ಹೋಲಿಸಿದರೆ ಕಫದ ದಾರಿ ಎಷ್ಟೋ ವಾಸಿ, ಕೀವು ತಾನೇ ಹೊರದಾರಿ ಕಂಡುಕೊಂಡಂತೆ. ಆದರೂ ಆಸ್ಪತ್ರೆ ತಪ್ಪುವುದಿಲ್ಲ.

ಇಷ್ಟಾದ ಮೇಲೆ ಉಳಿಯುವ, ಎಲ್ಲರಿಗೂ ಬೇಕಾದ, ಆದರೆ ಬಿಟ್ಟುಹೋಗುವ ಒಂದು ಹೆಜ್ಜೆಯಿದೆ. ಈ ಅಂಕಣ ಬರೆಯಲು ಕೂತದ್ದೇ ಅದಕ್ಕಾಗಿ. ಮೆಟ್ರೊನಿಡಜೋಲ್, ಟಿನಿಡಜೋಲ್ ಎರಡೂ ಕರುಳಿನಿಂದ ಬೇಗ ರಕ್ತ ಸೇರಿಬಿಡುತ್ತವೆ. ಲಿವರ್‌ಗೆ ಅದೇ ಬೇಕು. ಆದರೆ ಹಾಗಾಗಿಯೇ ದೊಡ್ಡ ಕರುಳಿನೊಳಗೆ ಅಡಗಿರುವ ಅಮೀಬಾ, ಸಿಸ್ಟ್‌ಗಳಿಗೆ ಸಾಕಷ್ಟು ಔಷಧಿ ತಲುಪುವುದಿಲ್ಲ. ಲಿವರ್ ಗುಣವಾದವರಲ್ಲೂ ನೂರಕ್ಕೆ 40ರಿಂದ 60 ಮಂದಿಯ ಕರುಳಿನಲ್ಲಿ ಪರಾವಲಂಬಿ ಉಳಿದುಕೊಳ್ಳುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಅಂಥವರಿಗೆ ಕಾಯಿಲೆ ಮರುಕಳಿಸಬಹುದು, ಅವರ ಮಲದಿಂದ ರೂಮಿನ ಉಳಿದವರಿಗೂ ಹರಡಬಹುದು. ಅದಕ್ಕೆಂದೇ ಕರುಳಿನಲ್ಲೇ ಉಳಿದು ಕೆಲಸ ಮಾಡುವ ಬೇರೆ ಔಷಧಿಗಳಿವೆ: ಡೈಲೊಕ್ಸನೈಡ್ ಫ್ಯೂರೋಯೇಟ್ 500 ಮಿ.ಗ್ರಾಂ., ದಿನಕ್ಕೆ ಮೂರು ಸಲ, ಹತ್ತು ದಿನ. ಅಥವಾ ತೂಕಕ್ಕೆ ತಕ್ಕಂತೆ ಪ್ಯಾರೊಮೊಮೈಸಿನ್ ಒಂದು ವಾರ. ಮಾತ್ರೆಯಲ್ಲೇ ಗುಣವಾದವರಿಗೂ, ಕೊಳವೆ ಹಾಕಿಸಿಕೊಂಡವರಿಗೂ, ಹೊಟ್ಟೆ ಕೊಯ್ಸಿಕೊಂಡವರಿಗೂ ಇದು ಬೇಕು. ಮಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಬೇಕು.

ಜ್ವರ ಬಿಟ್ಟು, ಹಸಿವು ಶುರುವಾಗಿ, ಕೆಲಸಕ್ಕೆ ಹೋಗುವ ಆತುರದಲ್ಲಿರುವವನಿಗೆ ಇನ್ನೂ ಹತ್ತು ದಿನದ ಮಾತ್ರೆ ಕಿರಿಕಿರಿ ಎನಿಸುತ್ತದೆ ನಿಜ. ಕುಡಿಯುವವರಿಗೆ ಇನ್ನೊಂದು ತೊಡಕು. ಮೆಟ್ರೊನಿಡಜೋಲ್ ನುಂಗುವಾಗಲೂ, ಮುಗಿಸಿದ ಮೂರು ದಿನವೂ ಮದ್ಯ ಮುಟ್ಟಬಾರದು, ವಾಂತಿ, ಎದೆಬಡಿತ ಬರಬಹುದು ಎಂಬ ಎಚ್ಚರಿಕೆ ಔಷಧಿಯ ಚೀಟಿಯಲ್ಲೇ ಇರುತ್ತದೆ. ಭಾನುವಾರ ಬಂತೆಂದು ಕೆಲವರು ಬಿಡುವುದು ಮದ್ಯವನ್ನಲ್ಲ, ಮಾತ್ರೆಯನ್ನು. ಶ್ರೀಲಂಕಾದ ಜಾಫ್ನಾದಲ್ಲಿ ಅಧ್ಯಯನ ಮಾಡಿದವರಿಗೂ ಈ ಗಡ್ಡೆಯ ರೋಗಿಗಳಾಗಿ ಸಿಕ್ಕವರು ಹೆಂಡ ಕುಡಿಯುವ ಗಂಡಸರೇ. ಕುಡಿತದಿಂದ ಬಡವಾದ ಲಿವರ್ ಅಮೀಬಾಕ್ಕೆ ಮಣಿಯುವುದು ಬೇಗ.

ದುಡ್ಡಿನ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಎಷ್ಟೋ ಸಲ ಚಿಕಿತ್ಸೆಯನ್ನು ಆರಿಸುವುದು ಅದೇ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಕಡಿತವಾಗುತ್ತಿರುವ ಕಾರ್ಮಿಕನಿಗೆ ಚಿಕಿತ್ಸೆಯಷ್ಟೇ ಅಲ್ಲ, ವಂತಿಗೆಯ ದಿನಗಳ ಷರತ್ತು ಪೂರೈಸಿದ್ದರೆ ಕಾಯಿಲೆಯ ರಜೆಗೆ ಸಂಬಳದ ನೂರಕ್ಕೆ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೊಳವೆ ಹಾಕಿಸಿಕೊಂಡು ಹದಿನೈದು ದಿನ ಮಲಗಬೇಕಾದವನಿಗೆ ಇದು ದೊಡ್ಡ ಆಸರೆ. ಇಎಸ್‌ಐ ಇಲ್ಲದ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ತಮ್ಮ ಹೆಸರಿನಲ್ಲಿ ಇಎಸ್‌ಐ ನಂಬರ್ ಇದೆಯೋ ಇಲ್ಲವೋ ಎಂದು ಕಾಯಿಲೆ ಬರುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಮಾತ್ರೆಯ ಹಂತ ಗೌರಿಬಿದನೂರಿನಲ್ಲೇ ಮುಗಿಯಬಲ್ಲದ್ದು. ಕೊಳವೆಯ ಮಾತು ಬಂದರೆ ಚಿಕ್ಕಬಳ್ಳಾಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್‌ನಲ್ಲೋ ವಿಚಾರಿಸಬೇಕು.

ನೀರಿನ ಮಾತು ಬಿಟ್ಟರೆ ಚಿಕಿತ್ಸೆಯ ಮಾತು ಅರ್ಧವೇ. 1933ರಲ್ಲಿ ಶಿಕಾಗೊ ನಗರದ ಎರಡು ಹೋಟೆಲುಗಳಲ್ಲಿ ಕುಡಿಯುವ ನೀರಿನ ಪೈಪಿಗೆ ಚರಂಡಿಯ ನೀರು ಸೇರಿ ಸುಮಾರು 1,400 ಮಂದಿಗೆ ಅಮೀಬಾ ಸೋಂಕು ತಗುಲಿತು, 98 ಮಂದಿ ಸತ್ತರು. ಅಷ್ಟು ಸಿರಿವಂತ ನಗರದಲ್ಲಿ ಆದದ್ದು ಚರಂಡಿಯೊಳಗೇ ನಲ್ಲಿಯ ಪೈಪು ಹಾಯ್ದಿರುವ ನಮ್ಮ ಊರುಗಳಲ್ಲಿ ಆಗದಿರಲು ಯಾವ ಕಾರಣವೂ ಇಲ್ಲ. ಸಿಸ್ಟ್‌ಗಳು ನಲ್ಲಿ ನೀರಿಗೆ ಹಾಕುವ ಮಾಮೂಲಿ ಕ್ಲೋರಿನ್‌ಗೆ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತವೆ. ಫ್ಲೋರೈಡ್ ಕಾಟದಿಂದಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಬಂದಿರುವ ಶುದ್ಧ ನೀರಿನ ಘಟಕಗಳ ಆರ್‌ಒ ಪೊರೆಯೂ ಅವನ್ನು ತಡೆಯುತ್ತದೆ. ಆದರೆ ಆ ನೀರನ್ನು ತೊಳೆಯದ ಕ್ಯಾನಿಗೆ ಹಿಡಿದು, ರೂಮಿನ ಬಿಂದಿಗೆಗೆ ಸುರಿದು, ಐದು ಜನ ಕೈ ಅದ್ದಿ ಲೋಟದಲ್ಲಿ ಮೊಗೆದರೆ ಘಟಕಕ್ಕೆ ಹಾಕಿದ ನಾಣ್ಯ ವ್ಯರ್ಥ. ಬಿಂದಿಗೆಗೆ ಒಂದು ನಲ್ಲಿ ಕೂರಿಸಿ, ಇಲ್ಲವೇ ಉದ್ದ ಹಿಡಿಯ ಸೌಟು ಇಡಿ.

ಆಸ್ಪತ್ರೆಯಿಂದ ಹೊರಡುವ ದಿನ ಡಿಸ್ಚಾರ್ಜ್ ಚೀಟಿಯನ್ನು ಮಡಚಿ ಜೇಬಿಗಿಡುವ ಮುಂಚೆ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ‘ಸಾರ್, ಲಿವರ್‌ಗೆ ಕೊಟ್ರಿ, ಕರುಳಿಗೂ ಮಾತ್ರೆ ಬರೆದಿದ್ದೀರಾ?’ ಬರೆದಿಲ್ಲದಿದ್ದರೆ ಬರೆಸಿಕೊಂಡೇ ಬನ್ನಿ.